ನಾಲೆಗೋ ನದಿಗೋ? ಜಾಲತಾಣದ ಸುದ್ದಿಗೆ ತಲೆಬರಹ ಕೊಡುವ ಬಗೆ

ಮಳೆಗಾಲದ ಒಂದು ಸಂಜೆ. ಮೈಸೂರಿನ ನಮ್ಮ ಡೆಸ್ಕ್‌ನಲ್ಲಿ ಕುಳಿತು ‘ಕೆಆರ್‌ಎಸ್‌ನಿಂದ ನೀರು ಬಿಡುಗಡೆ’ ಎಂದು ತಲೆಬರಹ ಕೊಟ್ಟು, ಸುದ್ದಿ ಪ್ರಕಟಿಸಿ, ಕಾಫಿಗೆಂದು ಎದ್ದೆ. ಮೂರು ಪದ, ಒಂದೂ ತಪ್ಪಿಲ್ಲ. ಕಾಫಿ ಮುಗಿಯುವ ಮೊದಲೇ ಪಾಂಡವಪುರದ ಕಡೆಯಿಂದ ಫೋನು: ‘ಸ್ವಾಮಿ, ನೀರು ನಾಲೆಗೋ ನದಿಗೋ?’

ಉತ್ತರ ವರದಿಯ ಮೂರನೆಯ ಪ್ಯಾರಾದಲ್ಲಿತ್ತು. ಆದರೆ ಅವರು ವರದಿಯನ್ನು ತೆರೆದಿರಲಿಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಹಾಕಿದ್ದ ಕೊಂಡಿಯ ಮೇಲೆ ನನ್ನ ಮೂರು ಪದ ಕಂಡಿತ್ತು, ಅಷ್ಟೇ. ಮಂಡ್ಯದಲ್ಲಿ ಆ ಮೂರು ಪದಕ್ಕೆ ಎರಡು ಅರ್ಥ. ನಾಲೆಗೆ ಬಿಟ್ಟರೆ ಭತ್ತದ ಒಟ್ಲು (ಸಸಿಮಡಿ) ಹಾಕುವ ಮಾತು. ನದಿಗೆ ಬಿಟ್ಟರೆ, ಅಣೆಕಟ್ಟೆ ತುಂಬಿದ್ದರೆ ಶ್ರೀರಂಗಪಟ್ಟಣದ ದಂಡೆಯವರು ಎಚ್ಚರವಾಗಿರಬೇಕಾದ ಮಾತು. ತುಂಬದಿದ್ದರೆ, ನೀರು ತಮಿಳುನಾಡಿಗೆ ಹೋಯಿತೆಂದು ಹೆದ್ದಾರಿಯಲ್ಲಿ ಧರಣಿ ಕೂರುವ ಮಾತು. ಅಂದು ನೀರು ಬಿಟ್ಟಿದ್ದು ವಿಶ್ವೇಶ್ವರಯ್ಯ ನಾಲೆಗೆ. ‘ವಿ.ಸಿ. ನಾಲೆಗೆ’ ಎಂಬಷ್ಟನ್ನು ಸೇರಿಸಿದ್ದರೆ ಆ ಫೋನು ಬರುತ್ತಿರಲಿಲ್ಲ.

ಅಚ್ಚಿನ ಪತ್ರಿಕೆಯಲ್ಲಿ ತಲೆಬರಹಕ್ಕೆ ಸಂಸಾರವಿರುತ್ತದೆ: ಕೆಳಗೆ ವರದಿ, ಪಕ್ಕದಲ್ಲಿ ಚಿತ್ರ, ಮೇಲೆ ತಾರೀಖು, ಪುಟದ ನೆತ್ತಿಯಲ್ಲಿ ಜಿಲ್ಲೆಯ ಹೆಸರು. ಜಾಲತಾಣದಲ್ಲಿ ಅದು ಒಂಟಿಯಾಗಿ ಊರು ಸುತ್ತುತ್ತದೆ. ಹುಡುಕಾಟದ ಫಲಿತಾಂಶದಲ್ಲಿ, ನೋಟಿಫಿಕೇಷನ್‌ನಲ್ಲಿ, ಮದುವೆ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಆದ್ದರಿಂದ ಮುಂದೆ ಹೇಳುವ ಎಲ್ಲ ಹೆಜ್ಜೆಗಳ ಹಿಂದೆಯೂ ನನ್ನದು ಒಂದೇ ಪ್ರಶ್ನೆ: ವರದಿಯನ್ನು ತೆರೆಯದೆ ಹೋದವರಿಗೂ ಈ ಸಾಲು ನಿಜವನ್ನೇ ಹೇಳಿತೇ?

ಮೊದಲು ವರದಿಯನ್ನು ಕೊನೆಯವರೆಗೆ ಓದಿ

ಹಾಸ್ಯಕ್ಕೆ ಹೇಳುತ್ತಿಲ್ಲ. ಮೊದಲ ಪ್ಯಾರಾ ಓದಿ ತಲೆಬರಹ ಕೊಡುವುದು ಡೆಸ್ಕ್‌ನ ಹಳೆಯ ಚಾಳಿ. ಸಭೆಯ ವರದಿಗಳಲ್ಲಿ ಅಧ್ಯಕ್ಷತೆ, ಉದ್ಘಾಟನೆ, ಸ್ವಾಗತ ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ‘ಈ ತಿಂಗಳಿನಿಂದ ನೀರಿನ ಕರ ಹೆಚ್ಚಲಿದೆ’ ಎಂದಿರುತ್ತದೆ. ಸುದ್ದಿ ಅದೇ.

ಓದಿದ ಮೇಲೆ, ಟೀ ಅಂಗಡಿಯಲ್ಲಿ ಪಕ್ಕದವರು ‘ಏನು ಸಮಾಚಾರ?’ ಎಂದು ಕೇಳಿದರೆ ಏನು ಹೇಳುತ್ತೀರೋ ಅದನ್ನು ಕ್ರಿಯಾಪದ ಸಹಿತ ಪೂರ್ಣ ವಾಕ್ಯವಾಗಿ ಬರೆದುಕೊಳ್ಳಿ. ‘ಕೆಆರ್‌ಎಸ್‌ನಿಂದ ವಿ.ಸಿ. ನಾಲೆಗೆ ಸೋಮವಾರ ಸಂಜೆಯಿಂದ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಿದ್ದಾರೆ.’ (ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವುದು ಕಟ್ಟು ಪದ್ಧತಿ.) ಆ ವಾಕ್ಯದಲ್ಲಿ ಏನನ್ನು ತೆಗೆದರೆ ಅರ್ಥ ಕೆಡುವುದಿಲ್ಲವೋ ಅದನ್ನು ಮಾತ್ರ ತೆಗೆಯಿರಿ: ‘ಕೆಆರ್‌ಎಸ್: ವಿ.ಸಿ. ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುಗಡೆ’. ಮೊದಲೇ ತುಂಡು ತುಂಡಾಗಿ ಯೋಚಿಸಿದರೆ ಬಿದ್ದುಹೋದ ತುಂಡು ಯಾವುದೆಂದು ನಿಮಗೇ ತಿಳಿಯುವುದಿಲ್ಲ. ನನಗೆ ಆ ಸಂಜೆ ಆದದ್ದೂ ಅದೇ.

ಪದದ ತೂಕ ನೋಡಿ

ಶಿಫಾರಸು ಬೇರೆ, ಆದೇಶ ಬೇರೆ. 2023ರಲ್ಲಿ ಮಳೆ ಕೈಕೊಟ್ಟು ಕಾವೇರಿ ವಿವಾದ ಬಿಸಿಯೇರಿದಾಗ ಈ ಎರಡು ಪದಗಳ ನಡುವಿನ ಅಂತರ ಇಡೀ ಮಂಡ್ಯಕ್ಕೆ ಮುಖ್ಯವಾಗಿತ್ತು. ಕಾವೇರಿ ನೀರು ನಿಯಂತ್ರಣ ಸಮಿತಿಯದು ಶಿಫಾರಸು. ಅದನ್ನು ಎತ್ತಿಹಿಡಿದು ಆದೇಶ ಕೊಡುವುದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ. ಶಿಫಾರಸು ಬಂದ ದಿನವೇ ‘ನೀರು ಬಿಡಲು ಆದೇಶ’ ಎಂದು ಬರೆದರೆ, ಆದೇಶ ಬಂದ ದಿನ ಏನೆಂದು ಬರೆಯುತ್ತೀರಿ? ಎರಡು ಸಂಸ್ಥೆಗಳ ಹೆಸರು ಉದ್ದವಾದ್ದರಿಂದ ತಲೆಬರಹದಲ್ಲಿ ‘ಸಮಿತಿ’, ‘ಪ್ರಾಧಿಕಾರ’ ಎಂದಷ್ಟೇ ಹಾಕಬಹುದು. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವಂತಿಲ್ಲ.

ಅದೇ ಸುದ್ದಿಯಲ್ಲಿ ಇನ್ನೊಂದು ಗುಂಡಿ ಇತ್ತು. ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವುದು ಗಡಿಯ ಬಿಳಿಗುಂಡ್ಲುವಿನಲ್ಲಿ. ಅಲ್ಲಿಗೆ ಕಬಿನಿಯ ನೀರೂ ಸೇರಿಯೇ ಹೋಗುತ್ತದೆ. ‘ಬಿಳಿಗುಂಡ್ಲುವಿನಲ್ಲಿ 5,000 ಕ್ಯುಸೆಕ್ ಹರಿಯಬೇಕು’ ಎಂಬುದು ಡೆಸ್ಕ್‌ನ ಅವಸರದಲ್ಲಿ ‘ಕೆಆರ್‌ಎಸ್‌ನಿಂದ 5,000 ಕ್ಯುಸೆಕ್’ ಆದರೆ ಸುಳ್ಳು ಸುದ್ದಿಗೆ ನಾವೇ ನೀರೆರೆದ ಹಾಗೆ.

ಅಪರಾಧ ಸುದ್ದಿಗಳಲ್ಲಂತೂ ತೂಕದ ಕಲ್ಲು ಕೈಯಲ್ಲಿಯೇ ಇರಬೇಕು. ವಶಕ್ಕೆ ಪಡೆದವರೆಲ್ಲ ಬಂಧಿತರಲ್ಲ, ಆರೋಪಿ ಅಪರಾಧಿಯಲ್ಲ, ಎಫ್‌ಐಆರ್ ಎಂದರೆ ದೋಷಾರೋಪ ಪಟ್ಟಿಯಲ್ಲ. ಜಾಮೀನು ಸಿಕ್ಕವರನ್ನು ‘ಪಾರು’ ಎಂದು ಬರೆಯುವವರಿದ್ದಾರೆ. ನ್ಯಾಯಾಲಯದ ತಡೆಯಾಜ್ಞೆಯನ್ನು ‘ರದ್ದು’ ಎಂದು ಬರೆಯುವವರೂ ಇದ್ದಾರೆ. ಸರ್ಕಾರಿ ಸುದ್ದಿಯಲ್ಲಿ ಪ್ರಸ್ತಾವ, ಸಂಪುಟದ ಒಪ್ಪಿಗೆ, ಟೆಂಡರ್, ಶಂಕುಸ್ಥಾಪನೆ, ಕಾಮಗಾರಿ ಇವು ಐದು ಬೇರೆ ಬೇರೆ ಮೆಟ್ಟಿಲು. ನಮ್ಮ ಕಡೆಯ ಎಷ್ಟೋ ಸೇತುವೆಗಳು ತಲೆಬರಹಗಳಲ್ಲಿ ಮಾತ್ರ ಎರಡು ಮೂರು ಸಲ ‘ನಿರ್ಮಾಣ’ವಾಗಿರುವುದು ಈ ಮೆಟ್ಟಿಲುಗಳನ್ನು ಕಲಸಿದ್ದರಿಂದ.

ಮಿತಿಯನ್ನು ಬಿಟ್ಟರೂ ಅಷ್ಟೇ ಅನಾಹುತ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಲಾಯಿತು. ಸರ್ವೀಸ್ ರಸ್ತೆಯಲ್ಲಿ ಓಡಾಡಲು ಅಡ್ಡಿ ಇರಲಿಲ್ಲ. ‘ಮೈಸೂರು ಹೆದ್ದಾರಿಯಲ್ಲಿ ಬೈಕ್ ನಿಷೇಧ’ ಎಂದು ಓದಿದ ಮದ್ದೂರಿನ ಹಾಲಿನವನು ನಾಳೆ ಯಾವ ದಾರಿ ಹಿಡಿಯಬೇಕು? ‘ಮುಖ್ಯ ಪಥದಲ್ಲಿ’ ಎಂದು ಸೇರಿಸಿದರೆ ಎರಡೇ ಪದ ಜಾಸ್ತಿ. ಅದೇ ರಸ್ತೆಗೆ ಅಂಟಿದ ‘ದಶಪಥ’ ಎಂಬ ಹೆಸರೂ ಹೀಗೆಯೇ: ಆರು ಮುಖ್ಯ ಪಥ, ನಾಲ್ಕು ಸರ್ವೀಸ್ ಪಥ ಕೂಡಿಸಿದ ಲೆಕ್ಕ ಅದು. ಹತ್ತೂ ಒಂದೇ ಬಗೆಯವಲ್ಲ.

ವಿಭಕ್ತಿಯನ್ನು ಕತ್ತರಿಸುವ ಮುನ್ನ

ಕನ್ನಡದ ತಲೆಬರಹಕ್ಕೆ ಕನ್ನಡದ್ದೇ ಆದ ಕಾಯಿಲೆ ಇದು. ಜಾಗ ಸಾಲದೆ ಇದ್ದಾಗ ನಾವು ಮೊದಲು ಕತ್ತರಿ ಹಾಕುವುದು ಪ್ರತ್ಯಯಕ್ಕೆ. ಯಾರು ಯಾರಿಗೆ ಏನು ಮಾಡಿದರು ಎಂಬುದು ಕನ್ನಡದಲ್ಲಿ ಅಡಗಿರುವುದೂ ಆ ಪ್ರತ್ಯಯದಲ್ಲೇ.

‘ಹುಲಿ ಕೊಂದ ಹಸು: ಪರಿಹಾರಕ್ಕೆ ಒತ್ತಾಯ’ ಎಂದು ಎಚ್.ಡಿ. ಕೋಟೆಯಿಂದ ಸುದ್ದಿ ಬಂದರೆ ಯಾರೂ ಗೊಂದಲಕ್ಕೆ ಬೀಳುವುದಿಲ್ಲ. ಹಸು ಹುಲಿಯನ್ನು ಕೊಲ್ಲುವುದಿಲ್ಲ ಎಂಬ ಲೋಕಜ್ಞಾನ ನಮ್ಮನ್ನು ಕಾಪಾಡುತ್ತದೆ. ‘ಪತಿ ಕೊಂದ ಪತ್ನಿ’ ಎಂದು ಬರೆದು ನೋಡಿ. ಪತಿಯನ್ನು ಕೊಂದ ಪತ್ನಿಯೋ, ಪತಿಯಿಂದ ಕೊಲೆಯಾದ ಪತ್ನಿಯೋ? ಇಲ್ಲಿ ಲೋಕಜ್ಞಾನ ಕೈಕೊಡುತ್ತದೆ. ಸತ್ತವರು ಯಾರು, ಕೊಂದ ಆರೋಪ ಯಾರ ಮೇಲೆ ಎಂಬುದೇ ಅದಲು ಬದಲಾಗುವ ವಾಕ್ಯ ಇದು. ‘ಪತಿಯನ್ನು ಕೊಂದ ಆರೋಪ: ಪತ್ನಿ ಬಂಧನ’ ಎಂದರೆ ಉದ್ದವಾದರೂ ಒಂದೇ ಅರ್ಥ.

‘ಪೊಲೀಸ್ ಹಲ್ಲೆ: ಮೂವರಿಗೆ ಗಾಯ’ ಎಂಬುದೂ ಅದೇ ಜಾತಿಯದು. ಪೊಲೀಸರಿಂದಲೋ, ಪೊಲೀಸರ ಮೇಲೋ? ಷಷ್ಠಿ ಹಾಕಿದರೂ ಕೆಲವೊಮ್ಮೆ ಬಗೆಹರಿಯುವುದಿಲ್ಲ. ‘ಶಾಸಕರ ಟೀಕೆಗೆ ಖಂಡನೆ’ ಎಂದರೆ ಶಾಸಕರು ಟೀಕಿಸಿದರೋ, ಶಾಸಕರನ್ನು ಟೀಕಿಸಿದರೋ? ಇಂಥ ಕಡೆ ‘ಇಂದ’, ‘ಮೇಲೆ’, ‘ವಿರುದ್ಧ’ ಇವುಗಳನ್ನು ಧಾರಾಳವಾಗಿ ಬಳಸಿ. ಬೇರೆ ಪದವನ್ನು ಬೇಕಾದರೆ ಬಿಡಿ.

ನಾಮಪದಗಳಿಂದಲೇ ಕಟ್ಟಿದ ತಲೆಬರಹಕ್ಕೆ ಕಾಲವೂ ಇರುವುದಿಲ್ಲ. ‘ಬಸ್ ದರ ಏರಿಕೆ’ ಎಂದರೆ ಏರಿತೋ, ಏರಲಿದೆಯೋ, ಏರಿಸಬೇಕು ಎಂಬ ಬೇಡಿಕೆಯೋ? ಅಚ್ಚಿನಲ್ಲಿ ಕೆಳಗಿನ ಸಾಲು ಬಿಡಿಸಿ ಹೇಳುತ್ತಿತ್ತು. ಇಲ್ಲಿ ಆ ಸಾಲು ಕಾಣುವುದಿಲ್ಲ. ಜಾರಿಯಾಗುವ ತಾರೀಖು, ‘ಸಾಧ್ಯತೆ’, ‘ಪ್ರಸ್ತಾವ’ ಈ ಮೂರರಲ್ಲಿ ಒಂದು ಇರಲೇಬೇಕು.

ಯಾರು ಹೇಳಿದರು ಎಂಬುದು ವಿವರಣ ಚಿಹ್ನೆಯ ಬಲಕ್ಕೆ ಬರುವುದು ನಮ್ಮ ಸಂಪ್ರದಾಯ: ‘ಕಬ್ಬಿನ ಬಾಕಿ ಪೂರ್ತಿ ಪಾವತಿ: ಸಚಿವ’. ಕಾಗದದ ಮೇಲೆ ಇದು ಸರಿ. ಮೊಬೈಲಿನ ನೋಟಿಫಿಕೇಷನ್‌ನಲ್ಲಿ ಬಾಲ ತುಂಡಾಗುತ್ತದೆ, ತುಂಡಾಗುವುದು ‘ಸಚಿವ’ ಎಂಬ ಪದವೇ. ಉಳಿಯುವುದು ಬಾಕಿ ಪೂರ್ತಿ ಪಾವತಿಯಾಗಿದೆ ಎಂಬ ನಿಮ್ಮದೇ ಘೋಷಣೆ. ಹಣ ಬಾರದ ಬೆಳೆಗಾರ ಬಯ್ಯುವುದು ಸಚಿವರನ್ನಲ್ಲ, ನಿಮ್ಮನ್ನು. ಆದ್ದರಿಂದ ಹೇಳಿದವರನ್ನು ಮುಂದಕ್ಕೆ ತನ್ನಿ: ‘ಸಚಿವರ ಪ್ರಕಾರ ಕಬ್ಬಿನ ಬಾಕಿ ಪೂರ್ತಿ ಪಾವತಿ’. ಅಂದ ಸ್ವಲ್ಪ ಕಡಿಮೆ ಎಂದು ಹಳೆಯ ಕೈಗಳು ಮೂಗು ಮುರಿಯುತ್ತವೆ. ಮುರಿಯಲಿ.

ಅಂಕಿಗೆ ಅಳತೆಗೋಲು ಕೊಡಿ

ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸಾಮರ್ಥ್ಯ 49.452 ಟಿಎಂಸಿ. ಈ ಎರಡು ಅಂಕಿಗಳು ಮೈಸೂರು–ಮಂಡ್ಯದ ಯಾವ ಡೆಸ್ಕ್‌ನಲ್ಲಾದರೂ ಗೋಡೆಯ ಮೇಲೆ ಇರಬೇಕು. ಮಟ್ಟ 122 ಮುಟ್ಟಿದ ದಿನವೇ ‘ಕೆಆರ್‌ಎಸ್ ಭರ್ತಿ’ ಎಂದು ಬರೆದರೆ ಅದು ಭರ್ತಿಯಲ್ಲ, ‘ಭರ್ತಿಯತ್ತ’. ಹಾಗೆಯೇ ‘100 ಅಡಿ ತಲುಪಿದ ಕೆಆರ್‌ಎಸ್’ ಎಂದು ಓದಿದವರು ಮುಕ್ಕಾಲು ಭಾಗ ತುಂಬಿತೆಂದು ಹಿಗ್ಗುತ್ತಾರೆ. ಜಲಾಶಯ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ನೂರು ಅಡಿಯಲ್ಲಿ ಇರುವ ನೀರು ಒಟ್ಟು ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ. ಅಡಿಯ ಜತೆಗೆ ಟಿಎಂಸಿಯನ್ನೂ ಕೊಟ್ಟರೆ ಹಿಗ್ಗು ಹದದಲ್ಲಿರುತ್ತದೆ.

ಕಬಿನಿಯ ಲೆಕ್ಕ ಬೇರೆ. ಅದರ ಗರಿಷ್ಠ ಮಟ್ಟ 2,284 ಅಡಿ, ಸಮುದ್ರ ಮಟ್ಟದಿಂದ. ಹೊಸದಾಗಿ ಸೇರಿದ ಹುಡುಗನೊಬ್ಬ ‘ಕಬಿನಿಯಲ್ಲಿ 2,280 ಅಡಿ ನೀರು’ ಎಂದು ಬರೆದು ತಂದಿದ್ದ. ಬೀಚನಹಳ್ಳಿಯಲ್ಲಿ ಅಷ್ಟು ಆಳದ ನೀರಿದ್ದರೆ ನಮ್ಮ ಚಾಮುಂಡಿ ಬೆಟ್ಟವೂ ಎಚ್ಚರಿಕೆಯಿಂದ ಇರಬೇಕಾಗುತ್ತಿತ್ತು. ‘ನೀರಿನ ಮಟ್ಟ 2,280 ಅಡಿ’ ಎಂದು ತಿದ್ದಿದೆವು.

ಕ್ಯುಸೆಕ್ ಹರಿವಿನ ಅಳತೆ: ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ಪ್ರಮಾಣದ ಅಳತೆ: ನೂರು ಕೋಟಿ ಘನ ಅಡಿ. 11,574 ಕ್ಯುಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಹಾಗಾಗಿ ಎಷ್ಟು ದಿನ ಎಂದು ಹೇಳದ ‘5,000 ಕ್ಯುಸೆಕ್ ಬಿಡುಗಡೆ’ ಅರ್ಧ ಸುದ್ದಿ. 15 ದಿನ ಎಂದರೆ ಅದು 6.48 ಟಿಎಂಸಿ. ಗೋಡೆಗೆ ಅಂಟಿಸುವ ಚೀಟಿಯಲ್ಲಿ ಈ ಲೆಕ್ಕವೂ ಇರಲಿ. ಒಳಹರಿವು, ಹೊರಹರಿವು ಎಂಬುದನ್ನು ಅದಲು ಬದಲು ಮಾಡದಿರುವುದು ಮಾತ್ರ ಚೀಟಿಯಿಂದ ಆಗುವ ಕೆಲಸವಲ್ಲ, ಕಣ್ಣಿನದು.

ಅಪಘಾತದ ಸುದ್ದಿಯಲ್ಲಿ ಸಾವಿನ ಸಂಖ್ಯೆ ಖಚಿತವಾಗುವವರೆಗೆ ‘ಕನಿಷ್ಠ’ ಎಂಬ ಪದ ಹಾಕಿ. ಸಂಖ್ಯೆಯನ್ನು ಮೇಲಕ್ಕೆ ತಿದ್ದಬಹುದು. ಕೆಳಕ್ಕೆ ತಿದ್ದಬೇಕಾಗಿ ಬಂದರೆ, ಬದುಕಿದ್ದವರನ್ನು ನೀವು ಒಮ್ಮೆ ಸಾಯಿಸಿದ್ದೀರಿ ಎಂದು ಅರ್ಥ.

ಊರು, ತಾರೀಖು

2023ರ ಡಿಸೆಂಬರ್‌ನಲ್ಲಿ ಅರ್ಜುನ ಸತ್ತಾಗ ಮೈಸೂರಿನಲ್ಲಿ ‘ಅರ್ಜುನ ಇನ್ನಿಲ್ಲ’ ಎಂದರೆ ಸಾಕಿತ್ತು. ಸಯ್ಯಾಜಿರಾವ್ ರಸ್ತೆಯಲ್ಲಿ ಜಂಬೂಸವಾರಿ ನೋಡಿದ ಮಕ್ಕಳಿಗೂ ಅರ್ಜುನ ಯಾರೆಂದು ಗೊತ್ತು. ಜಾಲತಾಣದಲ್ಲಿ ಅದೇ ಸಾಲನ್ನು ಬೀದರ್‌ನವರೂ ಓದುತ್ತಾರೆ. ಅವರ ಮನೆಯ ಪಕ್ಕದಲ್ಲಿಯೂ ಒಬ್ಬ ಅರ್ಜುನ ಇರುತ್ತಾನೆ. ‘ಎಂಟು ಬಾರಿ ಅಂಬಾರಿ ಹೊತ್ತ ಆನೆ ಅರ್ಜುನ ಕಾಡಾನೆ ಜತೆ ಕಾಳಗದಲ್ಲಿ ಸಾವು’ ಎಂದರೆ ಇಬ್ಬರಿಗೂ ಸಲ್ಲುತ್ತದೆ. ಅವನು ಸತ್ತಿದ್ದು ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನಲ್ಲಿ. ‘ಮೈಸೂರು:’ ಎಂದು ಶುರುಮಾಡಿದರೆ ಅದೊಂದು ಬೇರೆ ತಪ್ಪು. ಮೈಸೂರಿನದೆಂದು ಎಲ್ಲರೂ ಹೇಳುವ ಕೆಆರ್‌ಎಸ್, ರಂಗನತಿಟ್ಟು ಎರಡೂ ಮಂಡ್ಯ ಜಿಲ್ಲೆಯವು. ಮಂಡ್ಯದವರು ಇದನ್ನು ಮರೆಯುವುದಿಲ್ಲ, ಮರೆಯಲು ಬಿಡುವುದೂ ಇಲ್ಲ.

‘ನಾಳೆ ಶಾಲೆಗಳಿಗೆ ರಜೆ’ ಎಂಬುದು ನಾನು ಕಂಡ ಅತ್ಯಂತ ಅಪಾಯಕಾರಿ ತಲೆಬರಹ. ಅದು ಹಳತಾಗುವುದೇ ಇಲ್ಲ. ಹೋದ ವರ್ಷದ ಮಳೆಯ ರಜೆ ಈ ವರ್ಷದ ಮಳೆಗೆ ಮತ್ತೆ ಫಾರ್ವರ್ಡ್ ಆಗುತ್ತದೆ. ಮಂಡ್ಯ ಬಂದ್ ನಡೆದಿದ್ದು 2023ರ ಸೆಪ್ಟೆಂಬರ್ 23ರಂದು. ಹಿಂದಿನ ಸಂಜೆ ‘ನಾಳೆ ಮಂಡ್ಯ ಬಂದ್’ ಎಂದು ಹೊರಟ ಕೊಂಡಿಗಳಿಗೆ ಇವತ್ತಿಗೂ ಅದು ನಾಳೆಯೇ. ಇಂದು, ನಾಳೆ ಬಿಡಿ. ಜಿಲ್ಲೆ ಮತ್ತು ತಾರೀಖು ಹಾಕಿ.

ಉದ್ದ ಮತ್ತು ಯಂತ್ರದ ಕಾಟ

ನಮ್ಮ ಡೆಸ್ಕ್‌ನ ರೂಢಿ ಏಳರಿಂದ ಹತ್ತು ಪದ, ಸುದ್ದಿಯ ಜೀವ ಮೊದಲ ನಾಲ್ಕರಲ್ಲಿ. ಅಕ್ಷರ ಎಣಿಸುವ ಯಂತ್ರವನ್ನು ನಂಬಬೇಡಿ. ‘ರಾಷ್ಟ್ರ’ ನಮ್ಮ ಕಣ್ಣಿಗೆ ಎರಡು ಅಕ್ಷರ. ಯುನಿಕೋಡ್‌ಗೆ ಗುಣಿತ, ವಿರಾಮ, ಒತ್ತು ಎಲ್ಲ ಸೇರಿ ಏಳು. ಯಂತ್ರ ಕೆಂಪು ತೋರಿಸಿತೆಂದು ಪ್ರತ್ಯಯ ಕತ್ತರಿಸಿದರೆ ಮತ್ತೆ ‘ಪತಿ ಕೊಂದ ಪತ್ನಿ’. ಸುದ್ದಿಯನ್ನು ನಿಮ್ಮದೇ ಮೊಬೈಲಿಗೆ ಕಳುಹಿಸಿಕೊಂಡು ಎಲ್ಲಿ ತುಂಡಾಗುತ್ತದೆ ಎಂದು ನೋಡುವುದೇ ಸರಿಯಾದ ಅಳತೆ.

ಕೊಂಡಿಯ ವಿಳಾಸದಲ್ಲಿ ಮಾತ್ರ ಕನ್ನಡಾಭಿಮಾನ ಬೇಡ. ಅಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಒಂಬತ್ತು ಸಂಕೇತಗಳಾಗಿ ಒಡೆಯುತ್ತದೆ, ‘ಮೈಸೂರು’ ಎಂಬುದೊಂದೇ 54 ಸಂಕೇತಗಳ ಬಾಲವಾಗುತ್ತದೆ. ರೋಮನ್ ಲಿಪಿಯಲ್ಲಿ ಚಿಕ್ಕದಾಗಿ ಕೊಡಿ. ಪ್ರಕಟಿಸಿದ ಮೇಲೆ ಅದನ್ನು ಬದಲಿಸಬೇಡಿ, ಹಳೆಯ ಕೊಂಡಿಗಳೆಲ್ಲ ಸಾಯುತ್ತವೆ.

ಹುಡುಕುವವರಿಗಾಗಿ ಊರಿನ, ಯೋಜನೆಯ, ವ್ಯಕ್ತಿಯ ಹೆಸರು ಒಮ್ಮೆಯಾದರೂ ಪ್ರತ್ಯಯವಿಲ್ಲದೆ ಬರಲಿ. ‘ಮಂಡ್ಯ:’ ಎಂಬ ಆರಂಭ ಇದಕ್ಕೆ ಅನುಕೂಲ. ಜನ ಹುಡುಕುವುದು ‘ಕೆಆರ್‌ಎಸ್’ ಎಂದು, ‘ಕೃಷ್ಣರಾಜಸಾಗರ’ ಎಂದಲ್ಲ. ಪೂರ್ಣ ಹೆಸರು ವರದಿಯ ಒಳಗಿರಲಿ.

ಗಾಳ ಹಾಕಬೇಡಿ

‘ಮಹಿಳೆಯರಿಗೆ ಭರ್ಜರಿ ಗುಡ್‌ನ್ಯೂಸ್’, ‘ವಾಹನ ಸವಾರರಿಗೆ ಬಿಗ್ ಶಾಕ್’, ‘ಈ ಜಿಲ್ಲೆಗೆ ಭಾರೀ ಮಳೆ’. ಈ ಜಿಲ್ಲೆ ಎಂದರೆ ಯಾವ ಜಿಲ್ಲೆ ಸ್ವಾಮಿ? ಹೆಸರು ಬರೆದರೆ ಮಳೆಗೆ ಸಿಕ್ಕುವವರಿಗೆ ಉಪಕಾರವಾಗುತ್ತದೆ. ತಲೆಬರಹದ ಕೊನೆಗೆ ಪ್ರಶ್ನಾರ್ಥಕ ಹಾಕಿ ಜಾರಿಕೊಳ್ಳುವುದೂ ಇದೇ ವಿದ್ಯೆ. ‘ನಟನಿಗೆ ವಿಚ್ಛೇದನ?’ ಎಂದು ಬರೆದವರಿಗೆ ಉತ್ತರ ಗೊತ್ತಿಲ್ಲ, ಅಥವಾ ಇಲ್ಲ ಎಂಬುದು ಗೊತ್ತಿದೆ. ತಲೆಬರಹ ಅದರ ಕೆಳಗಿನ ಬರಹಕ್ಕೆ ಒಪ್ಪುವಂತಿರಬೇಕು ಎಂಬುದು ಭಾರತೀಯ ಪತ್ರಿಕಾ ಮಂಡಳಿಯ ನಡಾವಳಿಯಲ್ಲೇ ಇದೆ. ಆದರೆ ನಾನು ಹೇಳುವುದು ವ್ಯಾಪಾರದ ಮಾತು: ಗಾಳಕ್ಕೆ ಸಿಕ್ಕ ಓದುಗ ಎರಡನೆಯ ಸಲ ಆ ಕೆರೆಗೆ ಬರುವುದಿಲ್ಲ.

ಇಲ್ಲಿ ಚಾತುರ್ಯ ಬೇಡವೇ ಬೇಡ

ಲೈಂಗಿಕ ದೌರ್ಜನ್ಯದ ಸುದ್ದಿಯಲ್ಲಿ ಹೆಸರು ಬಿಟ್ಟರೆ ಮುಗಿಯಲಿಲ್ಲ. ಸಂತ್ರಸ್ತರ ಗುರುತು ಸಿಗುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್, ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಎರಡೂ ಇದನ್ನು ಹೇಳುತ್ತವೆ. ಚಿಕ್ಕ ಹಳ್ಳಿಯ ಹೆಸರು, ಶಾಲೆ, ತರಗತಿ, ಆರೋಪಿಯ ನಂಟು ಇಷ್ಟನ್ನು ಒಂದು ತಲೆಬರಹದಲ್ಲಿ ಕೂಡಿಸಿದರೆ ಆ ಊರಿನಲ್ಲಿ ಹೆಸರೇ ಬರೆದಂತೆ. ತಾಲ್ಲೂಕು ಅಥವಾ ಜಿಲ್ಲೆಗೆ ನಿಲ್ಲಿಸಿ, ನಂಟನ್ನು ಬಿಡಿ.

‘ಸಾಲಬಾಧೆ: ರೈತ ಆತ್ಮಹತ್ಯೆ’ ಎಂದು ನಾವು ಮಂಡ್ಯದಿಂದ ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಒಂದು ಸಾವಿಗೆ ಒಂದೇ ಕಾರಣವನ್ನು ಸಂಜೆಯೊಳಗೆ ತೀರ್ಮಾನಿಸಿಬಿಡುವ ಸಾಲು ಅದು. ಬಗೆಯನ್ನು, ಸ್ಥಳವನ್ನು ತಲೆಬರಹದಲ್ಲಿ ಹೇಳಬೇಡಿ. ‘ರೈತ ಸಾವು’ ಎನ್ನಿ, ಕುಟುಂಬದವರು ಹೇಳಿದ್ದು, ಪೊಲೀಸರು ಹೇಳಿದ್ದು ಒಳಗೆ ಬರಲಿ. ವರದಿಯ ಕೊನೆಗೆ ಟೆಲಿ ಮಾನಸ್ ಸಹಾಯವಾಣಿ 14416 ಹಾಕುವುದನ್ನು ರೂಢಿ ಮಾಡಿಕೊಳ್ಳಿ.

ಪ್ರಕಟಿಸುವ ಮುನ್ನ, ತಪ್ಪಿದ ಮೇಲೆ

ಗಟ್ಟಿಯಾಗಿ ಓದಿ. ಸಾಧ್ಯವಾದರೆ ವರದಿ ಓದದ ಇನ್ನೊಬ್ಬರಿಗೆ ಓದಿ ಹೇಳಿ, ‘ಏನಾಗಿದೆ?’ ಎಂದು ಕೇಳಿ. ನಮ್ಮಲ್ಲಿ ಈ ಕೆಲಸಕ್ಕೆ ಜಾಹೀರಾತು ವಿಭಾಗದವರೊಬ್ಬರು ಸಿಗುತ್ತಾರೆ. ಅವರಿಗೆ ಸುದ್ದಿಯ ಗೋಜೇ ಇಲ್ಲ, ಹಾಗಾಗಿ ಬಹಳ ಉಪಯೋಗ.

ತಪ್ಪಾದರೆ ತಾಣದಲ್ಲಿ ತಿದ್ದುವುದು ಸುಲಭ, ಆದರೆ ವಾಟ್ಸ್‌ಆ್ಯಪ್‌ನಲ್ಲಿ ಈಗಾಗಲೇ ಹೋಗಿರುವ ಕೊಂಡಿಯ ಮೇಲೆ ಹಳೆಯ ತಲೆಬರಹವೇ ಕೂತಿರುತ್ತದೆ. ಸದ್ದಿಲ್ಲದೆ ತಿದ್ದಿ ಸುಮ್ಮನಾಗಬೇಡಿ. ವರದಿಯ ಕೆಳಗೆ ಏನು ತಿದ್ದಿದ್ದೀರಿ, ಯಾವ ಹೊತ್ತಿಗೆ ಎಂದು ಒಂದು ಸಾಲು ಬರೆಯಿರಿ. ತಪ್ಪು ಹೋದ ಗುಂಪುಗಳಿಗೇ ಸರಿಯಾದದ್ದನ್ನು ಮತ್ತೆ ಕಳುಹಿಸಿ, ನೋಟಿಫಿಕೇಷನ್ ಹೋಗಿದ್ದರೆ ಇನ್ನೊಂದನ್ನು ಬಿಡಿ. ಆ ಸಂಜೆ ನಾನು ಪಾಂಡವಪುರದವರಿಗೆ ‘ನಾಲೆಗೆ’ ಎಂದು ಹೇಳಿ, ತಲೆಬರಹ ತಿದ್ದಿ, ಕೊಂಡಿಯನ್ನು ಮತ್ತೆ ಅವರ ನಂಬರಿಗೇ ಕಳುಹಿಸಿದೆ. ‘ಗುಂಪಿಗೆ ನಾನೇ ಹಾಕುತ್ತೇನೆ ಬಿಡಿ’ ಎಂದರು. ಕಾಫಿ ಆರಿತ್ತು.